ಗುಲಾಮ ಅಂದಿದ್ದೆ, ಪುಸ್ತಕ ಓದಿರಲಿಲ್ಲ

ಇವತ್ತು ಆಗಸ್ಟ್ 1. ಏನು ವಿಶೇಷ ಅಂತ ಕ್ಯಾಲೆಂಡರ್ ತೆಗೆದು ನೋಡಬೇಡಿ, ಅದರಲ್ಲಿ ಏನೂ ಬರೆದಿರಲ್ಲ. 1999ರ ಇದೇ ದಿನ ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಬಂಗಾಳಿ ವೃದ್ಧರೊಬ್ಬರು ತೀರಿಕೊಂಡರು. ವಯಸ್ಸು 101. ನೂರಾ ಎರಡು ತುಂಬೋದಕ್ಕೆ ನಾಲ್ಕು ತಿಂಗಳೂ ಬಾಕಿ ಇರಲಿಲ್ಲ. ಹೆಸರು ನೀರದ್ ಚಂದ್ರ ಚೌಧುರಿ. ಈ ಮನುಷ್ಯನಿಗೆ ನಾನು ಒಂದು ಬಾಕಿ ಉಳಿಸಿಕೊಂಡಿದ್ದೇನೆ. ಇದೇ ಕುರ್ಚಿಯಲ್ಲಿ ಕೂತು ಉಳಿಸಿಕೊಂಡಿದ್ದು. ಹಾಗಾಗಿ ಇಲ್ಲೇ ತೀರಿಸಬೇಕು.

ಎಲ್ಲಿಂದ ಶುರುವಾಯ್ತು ಹೇಳ್ತೀನಿ. 2022ರ ಸೆಪ್ಟೆಂಬರ್ 8. ಆ ಸಂಜೆ ದೆಹಲಿಯಲ್ಲಿ ರಾಜಪಥಕ್ಕೆ ಕರ್ತವ್ಯಪಥ ಅಂತ ಹೊಸ ಹೆಸರು. ಇಂಡಿಯಾ ಗೇಟ್ ಹಿಂದೆ ಒಂದು ಕಲ್ಲಿನ ಮಂಟಪ ಇದೆಯಲ್ಲ, ಅದರ ಕೆಳಗೆ ಒಂದು ಕಾಲದಲ್ಲಿ ಐದನೇ ಜಾರ್ಜ್ ದೊರೆಯ ಪ್ರತಿಮೆ ಇತ್ತು. 1968ರಲ್ಲಿ ಅದನ್ನು ತೆಗೆದು ಕಾರೊನೇಷನ್ ಪಾರ್ಕಿಗೆ ಸಾಗಿಸಿದರು. ಅಲ್ಲಿಂದೀಚೆಗೆ ಮಂಟಪ ಖಾಲಿ. ಆ ಸಂಜೆ ಅಲ್ಲಿ ನೇತಾಜಿ ಸುಭಾಷ್ ಚಂದ್ರ ಬೋಸರ 28 ಅಡಿಯ ಗ್ರಾನೈಟ್ ಪ್ರತಿಮೆ ಅನಾವರಣ ಆಯ್ತು. ನಮ್ಮ ಸ್ಟುಡಿಯೋದಲ್ಲಿ ಹಬ್ಬ. ಪರದೆ ತುಂಬ ಕೇಸರಿ, ಬಿಳಿ, ಹಸಿರು. ರಾತ್ರಿ 11ರ ಸುಮಾರಿಗೆ ಲಂಡನ್ನಿನಿಂದ ಸುದ್ದಿ ಬಂತು, ಎಲಿಜಬೆತ್ ರಾಣಿ ಇನ್ನಿಲ್ಲ. ಗ್ರಾಫಿಕ್ಸ್ ಹುಡುಗ ಬಂದು ನಿಂತ. 'ಸಾರ್, ಈಗ ನೇತಾಜೀನ ತೆಗೆದು ರಾಣೀನ ಹಾಕ್ಲಾ?' ಅಂದ. ಪಾಪ, ಅವನು ಕೇಳಿದ್ದು ಪರದೆಯ ಬಗ್ಗೆ. ಆದ್ರೆ ಆ ಪ್ರಶ್ನೆಗೆ ತಕ್ಷಣ ಉತ್ತರ ಕೊಡೋಕೆ ನನಗೆ ಆಗಲಿಲ್ಲ.

ಸೆಪ್ಟೆಂಬರ್ 11ಕ್ಕೆ ದೇಶಾದ್ಯಂತ ಒಂದು ದಿನದ ಶೋಕಾಚರಣೆ. ಧ್ವಜ ಅರ್ಧಕ್ಕೆ ಇಳಿಯಿತು. ಚರ್ಚೆಗೆ ಇದಕ್ಕಿಂತ ಮಸಾಲೆ ಬೇಕಾ? ನಾಲ್ಕು ಜನರನ್ನು ಕೂರಿಸಿಕೊಂಡೆ. ಮೂರು ದಿನದ ಹಿಂದೆ ಗುಲಾಮಗಿರಿಯ ಗುರುತು ಅಳಿಸಿದ್ವಿ ಅಂದವರು ಇವತ್ತು ರಾಣಿಗೆ ಧ್ವಜ ಇಳಿಸೋದು ಯಾಕೆ, ಇದು ವಿಷಯ. ಮಾತಿನ ಭರದಲ್ಲಿ ನನಗೊಂದು ಉದಾಹರಣೆ ಬೇಕಿತ್ತು. ಗುಲಾಮ ಮನಸ್ಸು ಅಂದ್ರೆ ಹೇಗಿರುತ್ತೆ ಅನ್ನೋದಕ್ಕೆ ಒಂದು ಮುಖ. ಎಲ್ಲೋ ಓದಿದ ಒಂದು ಸಾಲು ತಲೆಯಲ್ಲಿತ್ತು. ತನ್ನ ಆತ್ಮಕಥೆಯನ್ನು ಬ್ರಿಟಿಷ್ ಸಾಮ್ರಾಜ್ಯದ ನೆನಪಿಗೆ ಅರ್ಪಿಸಿದ ಭಾರತೀಯ ಒಬ್ಬನಿದ್ದ ಅಂತ. ಹೇಳಿಯೇಬಿಟ್ಟೆ. 'ನೀರದ್ ಚೌಧುರಿ ಅಂತ ಒಬ್ಬ ಇದ್ದ ಸ್ವಾಮಿ, ಗುಲಾಮರಲ್ಲಿ ಗುಲಾಮ, ದೊರೆ ಗಂಟುಮೂಟೆ ಕಟ್ಟಿಕೊಂಡು ಹೋದ ಮೇಲೂ ಖಾಲಿ ಚಪ್ಪಲಿಗೆ ಪೂಜೆ ಮಾಡಿದವನು!' ಚಪ್ಪಾಳೆ ಬಿತ್ತು. ಆ ತುಣುಕು ಮೊಬೈಲಿನಿಂದ ಮೊಬೈಲಿಗೆ ಓಡಾಡಿತು. ನಿಮ್ಮಲ್ಲಿ ಅನೇಕರು ನೋಡಿರ್ತೀರಿ.

ರಾತ್ರಿ ಹತ್ತೂವರೆಗೆ ತುರುವೇಕೆರೆಯಿಂದ ಅಪ್ಪನ ಫೋನು.

ನಮ್ಮಪ್ಪ ಸರ್ಕಾರಿ ಹೈಸ್ಕೂಲಿನಲ್ಲಿ 31 ವರ್ಷ ಇಂಗ್ಲಿಷ್ ಪಾಠ ಮಾಡಿದವರು. ಈಗ ಎಂಬತ್ತರ ಮೇಲೆ. ನನ್ನ ಕಾರ್ಯಕ್ರಮ ತಪ್ಪದೆ ನೋಡ್ತಾರೆ, ಹೊಗಳಿದ್ದು ಮಾತ್ರ ನೆನಪಿಲ್ಲ. ಆ ರಾತ್ರಿ ಊಟ ಆಯ್ತಾ ಅಂತಲೂ ಕೇಳಲಿಲ್ಲ.

'ಆ ಪುಸ್ತಕ ಓದಿದೀಯೇನೋ?'

'ಯಾವ್ದಪ್ಪಾ?'

'ಚೌಧುರಿದು. ಗುಲಾಮ ಅಂದ್ಯಲ್ಲ, ಅವನದು.'

'ಇಲ್ಲ.'

'ಮತ್ತೆ?'

ಅಷ್ಟೇ. ಫೋನ್ ಇಟ್ಟರು. 'ಮತ್ತೆ' ಅನ್ನೋ ಎರಡಕ್ಷರ ಇದೆಯಲ್ಲ, ಮೇಷ್ಟ್ರ ಬಾಯಲ್ಲಿ ಬಂದ್ರೆ ಅದು ಬೆತ್ತ. ವಾರದೊಳಗೆ ತುರುವೇಕೆರೆ ಬಸ್ಸಿನಲ್ಲಿ ಒಂದು ಪಾರ್ಸಲ್ ಬಂತು. ಹಳೇ ಪಂಚೆಯ ತುಂಡಲ್ಲಿ ಸುತ್ತಿದ ದಪ್ಪ ಪುಸ್ತಕ. 'ದಿ ಆಟೋಬಯಾಗ್ರಫಿ ಆಫ್ ಆ್ಯನ್ ಅನ್‌ನೋನ್ ಇಂಡಿಯನ್'. ಒಳಗೆ 1999ರ ಆಗಸ್ಟಿನ ಪತ್ರಿಕೆಯ ತುಣುಕು, ನೀರದ್ ಬಾಬು ತೀರಿಕೊಂಡ ಸುದ್ದಿ. ಅಪ್ಪ ರಿಟೈರ್ ಆದ ವರ್ಷವೂ ಅದೇ.

ಓದಿದೆ. ಬೇಗ ಮುಗಿಯಲಿಲ್ಲ, ಸುಳ್ಳು ಹೇಳಲ್ಲ. ಆದ್ರೆ ಓದಿದಷ್ಟೂ ಕುರ್ಚಿಯಲ್ಲಿ ಮುದುಡಿಕೊಂಡೆ.

1897ರ ನವೆಂಬರ್ 23, ಈಗಿನ ಬಾಂಗ್ಲಾದೇಶದ ಕಿಶೋರ್‌ಗಂಜ್ ಅನ್ನೋ ಊರಲ್ಲಿ ಹುಟ್ಟು. ವಿಕ್ಟೋರಿಯಾ ರಾಣಿ ಪಟ್ಟಕ್ಕೇರಿ 60 ವರ್ಷವಾದ ವರ್ಷ ಅದು. ಮೊದಲ ಭಾಗದಲ್ಲಿ ತಾನು ಬೆಳೆದ ಪರಿಸರದ ಬಗ್ಗೆ ನಾಲ್ಕು ಅಧ್ಯಾಯ ಬರೀತಾರೆ. ಒಂದು, ಹುಟ್ಟಿದ ಊರು. ಎರಡು, ಅಪ್ಪನ ಮನೆತನದ ಹಳ್ಳಿ. ಮೂರು, ಅಮ್ಮನ ತವರು. ನಾಲ್ಕನೆಯದು ಯಾವುದು ಗೊತ್ತಾ? ಇಂಗ್ಲೆಂಡ್! ಕಣ್ಣಲ್ಲಿ ಕಂಡಿಲ್ಲ, ಕಾಲಿಟ್ಟಿಲ್ಲ. ಆದರೆ ಮಳೆಗಾಲದಲ್ಲಿ ಅಂಗಳದ ತನಕ ನೀರು ಬರೋ ಆ ಪೂರ್ವ ಬಂಗಾಳದ ಮನೆಯಲ್ಲಿ ವಿಕ್ಟೋರಿಯಾ, ಶೇಕ್ಸ್‌ಪಿಯರ್, ನೆಪೋಲಿಯನ್ ಇವರೆಲ್ಲ ದೂರದ ನೆಂಟರ ಹಾಗೆ ಮಾತಿನಲ್ಲಿ ಬಂದುಹೋಗ್ತಿದ್ರು. ಅಜ್ಜಿ ಮನೆ ಎಷ್ಟು ನಿಜವೋ ಇಂಗ್ಲೆಂಡೂ ಅಷ್ಟೇ ನಿಜ. ಯಾರೂ ಬಲವಂತ ಮಾಡಿ ತಲೆಗೆ ತುಂಬಿದ್ದಲ್ಲ, ಮನೆ ಗಾಳಿಯಲ್ಲಿ ಇತ್ತು. ಈ ಅಧ್ಯಾಯ ಓದುವಾಗ ನನಗೆ ಪದೇ ಪದೇ ನೆನಪಾಗಿದ್ದು ನಮ್ಮ ತುರುವೇಕೆರೆ ಮನೆ. ಅದಕ್ಕೆ ಆಮೇಲೆ ಬರ್ತೀನಿ.

ಮುಂದೆ ಕಲ್ಕತ್ತೆಯಲ್ಲಿ ಇತಿಹಾಸ ಓದಿದರು. 1918ರಲ್ಲಿ ಬಿ.ಎ. ಆನರ್ಸ್‌ನಲ್ಲಿ ಮೊದಲ ಸ್ಥಾನ. ಎಂ.ಎ. ಮಾತ್ರ ಮುಗಿಸಲೇ ಇಲ್ಲ. ಮಿಲಿಟರಿ ಲೆಕ್ಕಪತ್ರ ಇಲಾಖೆಯಲ್ಲಿ ಗುಮಾಸ್ತಿಕೆ, ಅದನ್ನೂ ಬಿಟ್ಟರು. ಪತ್ರಿಕೆಗಳಲ್ಲಿ ದುಡಿದರು. 1937ರಿಂದ 41ರವರೆಗೆ ಒಬ್ಬ ದೊಡ್ಡ ರಾಜಕಾರಣಿಗೆ ಕಾರ್ಯದರ್ಶಿ ಆಗಿದ್ದರು. ಯಾರಿಗೆ? ಶರತ್ ಚಂದ್ರ ಬೋಸ್ ಅವರಿಗೆ. ಅಂದ್ರೆ, ಸುಭಾಷ್ ಬೋಸರ ಖಾಸಾ ಅಣ್ಣನಿಗೆ! ವೀಕ್ಷಕರೇ, ನೇತಾಜಿ ಪ್ರತಿಮೆಯ ವಾರದಲ್ಲಿ ನಾನು ಯಾರನ್ನು ಗುಲಾಮ ಅಂತ ಬೈದೆನೋ ಆತ ಬೋಸರ ಮನೆಯ ಪತ್ರ ಬರೆಯುತ್ತಿದ್ದ ಮನುಷ್ಯ. ಇದು ಗೂಗಲ್ ಮಾಡಿದ್ರೆ ಎರಡು ನಿಮಿಷಕ್ಕೆ ಸಿಗೋ ವಿಷಯ. ನಮ್ಮ ಪ್ಯಾನೆಲ್ಲಿನ ನಾಲ್ವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ, ನನಗಂತೂ ಮೊದಲೇ ಗೊತ್ತಿರಲಿಲ್ಲ.

ಆಮೇಲೆ ದೆಹಲಿಯ ಆಕಾಶವಾಣಿಗೆ ಬಂದರು. ಕೆಲಸ ಏನು? ಸುದ್ದಿಯ ಮೇಲೆ ವಿಶ್ಲೇಷಣೆ ಬರೆಯೋದು. ನನ್ನದೇ ಕಸುಬು ಅಂತಿಟ್ಕೊಳ್ಳಿ, ಮೇಕಪ್ ಇಲ್ಲ ಅಷ್ಟೇ. 1947ರಲ್ಲಿ, ಐವತ್ತರ ಹೊಸ್ತಿಲಲ್ಲಿ, ಆತ್ಮಕಥೆ ಶುರು ಮಾಡಿದರು. 1951ರಲ್ಲಿ ಲಂಡನ್ನಿನ ಮ್ಯಾಕ್‌ಮಿಲನ್ ಪ್ರಕಟಿಸಿತು. ಮೊದಲ ಪುಟದಲ್ಲೇ ಆ ಅರ್ಪಣೆ. ಇಡೀ ದೇಶ ಉರಿದುಬಿತ್ತು. ಸ್ವಾತಂತ್ರ್ಯ ಬಂದು ನಾಲ್ಕೇ ವರ್ಷ, ಉರಿಯದೆ ಇನ್ನೇನು?

ಈ ಅರ್ಪಣೆಯ ವಿಷಯ ಸ್ವಲ್ಪ ನಿಧಾನವಾಗಿ ಕೇಳಿ, ನಾನು ಜಾರಿಬಿದ್ದಿದ್ದು ಇಲ್ಲೇ. ನಮ್ಮಲ್ಲಿ ಒಳ್ಳೆಯದು ಏನಿದೆಯೋ ಅದು ಬ್ರಿಟಿಷ್ ಆಳ್ವಿಕೆಯಿಂದ ರೂಪುಗೊಂಡಿದ್ದು ಅಂತ ಅದರಲ್ಲಿದೆ, ಅದು ನಿಜ. ಎಲ್ಲರೂ ಎತ್ತಿ ಹಿಡಿದಿದ್ದು ಆ ಭಾಗವನ್ನೇ. ಆದರೆ ಅದರಲ್ಲೇ ಇನ್ನೊಂದು ಮಾತಿದೆ. ಈ ಸಾಮ್ರಾಜ್ಯ ನಮ್ಮನ್ನು ಆಳಿಸಿಕೊಳ್ಳೋ ಪ್ರಜೆಗಳನ್ನಾಗಿ ಮಾಡಿಕೊಂಡಿತು, ನಾಗರಿಕರು ಅಂತ ಮಾತ್ರ ಒಪ್ಪಲಿಲ್ಲ ಅನ್ನೋ ಮಾತು. ಜೊತೆಗೆ ಒಂದು ಲ್ಯಾಟಿನ್ ವಾಕ್ಯ. ಅದರ ಹಿಂದೆ ಎರಡು ಸಾವಿರ ವರ್ಷದ ಕಥೆ ಇದೆ. ಸಿಸಿಲಿ ದ್ವೀಪಕ್ಕೆ ರೋಮ್ ಸಾಮ್ರಾಜ್ಯದ ಗವರ್ನರ್ ಆಗಿ ಹೋದ ವೆರಿಸ್ ಅನ್ನೋ ಲೂಟಿಕೋರ ಒಬ್ಬ ರೋಮನ್ನನನ್ನೇ ಹಿಡಿದು ಚಾಟಿಯಲ್ಲಿ ಹೊಡೆಸಿ ಶಿಲುಬೆಗೇರಿಸಿದ. ಪ್ರತಿ ಏಟಿಗೂ ಆ ಬಡಪಾಯಿ, ತಾನು ರೋಮಿನ ನಾಗರಿಕ ಅಂತ ಕೂಗುತ್ತಲೇ ಇದ್ದ. ಕ್ರಿಸ್ತಪೂರ್ವ 70ರಲ್ಲಿ ಸಿಸೆರೊ ಎಂಬ ವಕೀಲ ಈ ಕಥೆಯನ್ನು ಎತ್ತಿ ಹಿಡಿದು ವೆರಿಸ್‌ನ ಮರ್ಯಾದೆ ಹರಾಜು ಹಾಕಿದ. ನೀರದ್ ಬಾಬು ಆ ಕೂಗಿನಲ್ಲಿ ರೋಮ್ ತೆಗೆದು ಬ್ರಿಟನ್ ಹಾಕಿ ತಮ್ಮ ಅರ್ಪಣೆಯಲ್ಲಿ ಇಟ್ಟರು. ಈಗ ಹೇಳಿ, ಇದು ಸಾಷ್ಟಾಂಗ ನಮಸ್ಕಾರವಾ? ಏಟು ತಿನ್ನುವವನ ಕೂಗು ತಮ್ಮದು ಅಂದಮೇಲೆ ಚಾಟಿ ಹಿಡಿದವನು ಯಾರು ಅಂತಾಯ್ತು? ಅದು ಆರೋಪಪಟ್ಟಿ ಕಣ್ರೀ. ವಯಸ್ಸು ನೂರು ತಲುಪಿದಾಗ ಅವರೇ ಇದನ್ನು ಬಿಡಿಸಿ ಬರೆದರು. ನೀವು ಹೊಗಳಿಕೆ ಅಂತ ಓದಿದ್ದು ಖಂಡನೆ ಅಂತ. ಅಷ್ಟೊತ್ತಿಗೆ ನಲವತ್ತಾರು ವರ್ಷ ಬೈಸಿಕೊಂಡಾಗಿತ್ತು. ಆಕಾಶವಾಣಿಯ ಕೆಲಸ ಹೋಗಿತ್ತು, ಬಡತನ ಹಾಸಿ ಹೊದ್ದುಕೊಂಡಾಗಿತ್ತು.

ಹಾಗಂತ ಇವತ್ತು ನಾನು ಉಲ್ಟಾ ಹೊಡೆದು ಅವರಿಗೆ ಹೂವಿನ ಹಾರ ಹಾಕ್ತೀನಿ ಅಂದ್ಕೋಬೇಡಿ. 1943ರಲ್ಲಿ ಅವರ ಬಂಗಾಳದಲ್ಲೇ ಅನ್ನವಿಲ್ಲದೆ ಸುಮಾರು 30 ಲಕ್ಷ ಜನ ಸತ್ತರು ಅಂತ ಅಂದಾಜು. ಆಳುತ್ತಿದ್ದವರು ಯಾರು? ಆ ಹೆಣಗಳು ಬಿದ್ದು ಎಂಟೇ ವರ್ಷಕ್ಕೆ, ನಮ್ಮ ಒಳ್ಳೆಯದೆಲ್ಲ ಅವರಿಂದ ಬಂತು ಅಂತ ಬರೆಯೋಕೆ ಪೆನ್ನು ಹೇಗೆ ಓಡಿತು? ಸಿಸೆರೊ ಅಡ್ಡ ಬಂದರೂ ಈ ಪ್ರಶ್ನೆ ನನ್ನ ಗಂಟಲಲ್ಲೇ ಇದೆ. 1965ರ 'ದಿ ಕಾಂಟಿನೆಂಟ್ ಆಫ್ ಸರ್ಸಿ' ಪುಸ್ತಕದಲ್ಲಂತೂ ನಮ್ಮ ಜನರ ಮೇಲೆ ಅವರು ಕಾರಿಕೊಂಡಿರೋದು ಓದಿದ್ರೆ ಪುಸ್ತಕ ಎಸೆಯಬೇಕು ಅನ್ನಿಸುತ್ತೆ. ಇದನ್ನು ಅಪ್ಪನಿಗೆ ಹೇಳಿದೆ. ಅವರು, 'ಆ ಮಹಾರಾಯನಿಗೆ ಇಂಗ್ಲೆಂಡ್ ಮೇಲೆ ಪ್ರೀತಿ ಇತ್ತು, ಅದು ತಪ್ಪಲ್ಲ. ನಮ್ಮ ಮೇಲೆ ಸಿಟ್ಟಿತ್ತು, ಅದರಲ್ಲಿ ಅರ್ಧ ತಪ್ಪು' ಅಂದ್ರು. ಉಳಿದರ್ಧ ಯಾವುದು ಅಂತ ನಾನು ಕೇಳೋಕೆ ಹೋಗಲಿಲ್ಲ.

ಇಷ್ಟೆಲ್ಲ ಬರೆದಾಗ ಅವರು ಇಂಗ್ಲೆಂಡ್ ನೋಡೇ ಇರಲಿಲ್ಲ ಅನ್ನೋದು ನೆನಪಿರಲಿ. ಮೊದಲ ಸಲ ಹೋಗಿದ್ದು 1955ರಲ್ಲಿ, ಬಿಬಿಸಿ ಆಹ್ವಾನದ ಮೇಲೆ, 57ನೇ ವಯಸ್ಸಿನಲ್ಲಿ. ಇಂಗ್ಲೆಂಡಿನಲ್ಲಿ ಐದೇ ವಾರ. ಹೋದವರು ಮಾಡಿದ್ದೇನು? ಅರ್ಧ ಶತಮಾನ ಓದಿದ್ದನ್ನು ಕಣ್ಣೆದುರಿನ ಊರಿಗೆ ಹಿಡಿದು ತಾಳೆ ನೋಡಿದ್ದು. 1959ರಲ್ಲಿ 'ಎ ಪ್ಯಾಸೇಜ್ ಟು ಇಂಗ್ಲೆಂಡ್' ಬಂತು. ಅದರಲ್ಲಿ ಬೆಳಕಿನ ಬಗ್ಗೆ ಒಂದು ಗಮನಿಕೆ ಇದೆ, ಬಹಳ ಸೊಗಸು. ನಮ್ಮ ಬಿಸಿಲು ಎಷ್ಟು ಪ್ರಖರ ಅಂದ್ರೆ ಎಲ್ಲವೂ ಗೋಡೆಗೆ ಅಂಟಿಸಿದ ಚಿತ್ರದ ಹಾಗೆ ಚಪ್ಪಟೆ ಕಾಣುತ್ತೆ. ಅಲ್ಲಿಯ ಮಂದ ಬೆಳಕಿನಲ್ಲಿ ಮರ, ಮನೆ, ಮನುಷ್ಯ ಎಲ್ಲಕ್ಕೂ ಹಿಂದೆ ಮುಂದೆ ಅನ್ನೋ ಆಳ ಬರುತ್ತೆ ಅಂತ. ಇನ್ನೊಂದು, ಅಲ್ಲಿನ ಜನಜಂಗುಳಿಯ ಮೌನ. ಸಾವಿರಾರು ಜನ ನಡೀತಿದ್ದಾರೆ, ಯಾರೂ ಯಾರ ಹತ್ತಿರಾನೂ ಮಾತಾಡಲ್ಲ. ಗಲಾಟೆಯ ಊರಿಂದ ಹೋದವನಿಗೆ ಮಾತ್ರ ಈ ಮೌನ ಕೇಳಿಸೋದು. ಲಂಡನ್ನಿನವನಿಗೆ ಅದು ಕೇಳಿಸಲ್ಲ.

1970ರಲ್ಲಿ ಮತ್ತೆ ಹೋದರು, ವಾಪಸ್ ಬರಲೇ ಇಲ್ಲ. ಆಕ್ಸ್‌ಫರ್ಡ್‌ನ ಲ್ಯಾಥ್‌ಬರಿ ರಸ್ತೆಯ 20ನೇ ನಂಬರ್ ಮನೆ. ಮನೆಯಲ್ಲಿ ಧೋತಿ, ಹೊರಗೆ ಸೂಟು ಹ್ಯಾಟು. ಹೋಗಿದ್ದು ಯಾಕೆ ಗೊತ್ತೇನು? ಮ್ಯಾಕ್ಸ್ ಮುಲ್ಲರ್ ಜೀವನಚರಿತ್ರೆ ಬರೆಯೋಕೆ. ಜರ್ಮನಿಯಲ್ಲಿ ಹುಟ್ಟಿ, ಆಕ್ಸ್‌ಫರ್ಡ್‌ನಲ್ಲಿ ಕೂತು, ನಮ್ಮ ಋಗ್ವೇದವನ್ನು ಆರು ಸಂಪುಟದಲ್ಲಿ ಅಚ್ಚು ಹಾಕಿಸಿದ ವಿದ್ವಾಂಸ. ಮೊದಲ ಸಂಪುಟ 1849, ಕೊನೆಯದು 1874. ಜೊತೆಗೆ ಅಚ್ಚಾಗಿದ್ದು ಸಾಯಣಾಚಾರ್ಯರ ಭಾಷ್ಯ. ಸಾಯಣರು ಯಾರು? ನಮ್ಮ ವಿಜಯನಗರದ ಬುಕ್ಕರಾಯನ ಆಸ್ಥಾನದವರು! ತುಂಗಭದ್ರೆಯ ದಡದ ಅರಸರ ಆಶ್ರಯದಲ್ಲಿ ಹುಟ್ಟಿದ ಭಾಷ್ಯ ಥೇಮ್ಸ್ ನದಿಯ ಊರಲ್ಲಿ ಪುಸ್ತಕ ಆಯ್ತು. ಅದನ್ನು ಅಲ್ಲಿಗೆ ತಲುಪಿಸಿದ ಮುಲ್ಲರ್ ಭಾರತಕ್ಕೆ ಒಮ್ಮೆಯಾದರೂ ಬಂದಿದ್ದನಾ? ಇಲ್ಲ. 1900ರಲ್ಲಿ ಸಾಯೋ ತನಕ ಬರಲಿಲ್ಲ. ಒಬ್ಬ ಆಕ್ಸ್‌ಫರ್ಡ್‌ನಲ್ಲಿ ಕೂತು ಕಾಣದ ಭಾರತಕ್ಕೆ ಮನಸೋತ. ಇನ್ನೊಬ್ಬ ಕಿಶೋರ್‌ಗಂಜ್‌ನಲ್ಲಿ ಕೂತು ಕಾಣದ ಇಂಗ್ಲೆಂಡಿಗೆ ಮನಸೋತ. ಮೊದಲನೆಯವನ ಹೆಸರಲ್ಲಿ ನಾವು ದೆಹಲಿಯಲ್ಲಿ ರಸ್ತೆ ಮಾಡಿದೀವಿ. ಎರಡನೆಯವನಿಗೆ ಗುಲಾಮ ಅಂದ್ವಿ. ಅದೇನು ನ್ಯಾಯ ಅಂತ ನನ್ನನ್ನೇ ಕೇಳಿಕೊಂಡೆ, ಉತ್ತರ ಹೊಳೆಯಲಿಲ್ಲ. ತಮಾಷೆ ನೋಡಿ, ಆ ಮುಲ್ಲರ್ ಪುಸ್ತಕಕ್ಕೆ 1975ರಲ್ಲಿ ನಮ್ಮ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 1992ರಲ್ಲಿ ಇದೇ ಎಲಿಜಬೆತ್ ರಾಣಿಯ ಸರ್ಕಾರದ ಸಿಬಿಇ ಗೌರವವೂ ಬಂತು. ಹಾಗಂತ ಇಂಗ್ಲಿಷರನ್ನಾದರೂ ಸುಮ್ಮನೆ ಬಿಟ್ಟರಾ? ತಾವು ಓದಿ ಪ್ರೀತಿಸಿದ ಇಂಗ್ಲೆಂಡ್ ಈಗಿನ ಇಂಗ್ಲಿಷರಲ್ಲಿ ಉಳಿದಿಲ್ಲ ಅಂತ ಕೊನೇ ತನಕ ಅವರಿಗೂ ಉಗಿದರು. ಕೊನೆಯ ಪುಸ್ತಕ ಬಂದಾಗ ವಯಸ್ಸು ನೂರರ ಹತ್ತಿರ.

ನಮ್ಮಲ್ಲೂ ಈ ಹುಚ್ಚಿನವರು ಕಡಿಮೆ ಇಲ್ಲ. ಇಂಗ್ಲಿಷ್ ಕಾವ್ಯ ಓದಿ ಮರುಳಾದ ಬಿ.ಎಂ.ಶ್ರೀ ಅದನ್ನು 'ಇಂಗ್ಲಿಷ್ ಗೀತಗಳು' ಮಾಡಿ ಕನ್ನಡಕ್ಕೆ ತಂದರು, ಕನ್ನಡ ಕಾವ್ಯದ ದಾರಿಯೇ ತಿರುಗಿತು. ಇಂಗ್ಲಿಷ್ ಕವಿ ಆಗಬೇಕು ಅಂತ ಆಕ್ಸ್‌ಫರ್ಡ್‌ಗೆ ಹೊರಟ ಗಿರೀಶ ಕಾರ್ನಾಡರ ಕೈಯಲ್ಲಿ ಹುಟ್ಟಿದ್ದು ಕನ್ನಡದ 'ಯಯಾತಿ'. ಇವರನ್ನು ಯಾರೂ ಗುಲಾಮರು ಅನ್ನಲ್ಲ. ಬಿಡಿ, ದೊಡ್ಡವರ ಮಾತು ಸಾಕು. ತುರುವೇಕೆರೆಗೆ ಬರ್ತೀನಿ.

2015ರ ನವೆಂಬರ್. ಲಂಡನ್ನಿನ ಥೇಮ್ಸ್ ದಡದಲ್ಲಿ ಬಸವಣ್ಣನವರ ಪ್ರತಿಮೆ ಅನಾವರಣ. ವರದಿಗೆ ನಾನು ಹೋಗಿದ್ದೆ. ಹೊರಡೋ ಮುಂಚೆ ಅಪ್ಪನಿಗೆ ಏನು ತರಲಿ ಅಂದೆ. ಏನೂ ಬೇಡ, ಡಾಕ್ಟರ್ ಜಾನ್ಸನ್ ಮನೆ ನೋಡ್ಕೊಂಡು ಬಾ ಅಂದ್ರು. ಇಂಗ್ಲಿಷ್ ಡಿಕ್ಷನರಿ ಬರೆದ ಸ್ಯಾಮ್ಯುಯಲ್ ಜಾನ್ಸನ್. ಅವನ ಶಿಷ್ಯ ಬಾಸ್ವೆಲ್ ಬರೆದ ಜೀವನಚರಿತ್ರೆ ಅಪ್ಪನ ಟ್ರಂಕಿನಲ್ಲಿ ಯಾವಾಗಲೂ ಇರ್ತಿತ್ತು. ಜಾನ್ಸನ್ ಬೆಕ್ಕಿನ ಹೆಸರು ಹಾಜ್. ಅದಕ್ಕೆ ಸಿಂಪಿ ತರೋಕೆ ಜಾನ್ಸನ್ ತಾನೇ ಅಂಗಡಿಗೆ ಹೋಗ್ತಿದ್ದ. ಆಳನ್ನು ಕಳಿಸಿದ್ರೆ ಅವನು ಬೇಸರಪಟ್ಟು ಆ ಸಿಟ್ಟನ್ನು ಬೆಕ್ಕಿನ ಮೇಲೆ ತೀರಿಸಿಕೊಂಡಾನು ಅಂತ. ಈ ಕಥೆಯನ್ನು ಅಪ್ಪ ಕ್ಲಾಸಿನಲ್ಲಿ ಹೇಳುವಾಗ ಸಿಂಪಿ ಅಂದ್ರೇನು ಅಂತ ಕೇಳಿದ ಹುಡುಗನಿಗೆ, ಬೋರ್ಡ್ ಮೇಲೆ ಚಿತ್ರ ಬರೆದು ತೋರಿಸ್ತಿದ್ರು. ಅವರೂ ಅದನ್ನು ನೋಡಿದವರಲ್ಲ. ಪ್ಯೂರ್ ವೆಜಿಟೇರಿಯನ್ ಬೇರೆ.

ಸೇಂಟ್ ಪಾಲ್ಸ್ ಚರ್ಚಿನ ಮೆಟ್ಟಿಲ ಮೇಲೆ ನಿಂತು ಫೋನ್ ಮಾಡಿದೆ. ಅಲ್ಲಿ ಬೆಳಗ್ಗೆ ಹತ್ತು, ಇಲ್ಲಿ ಮಧ್ಯಾಹ್ನ ಮೂರೂವರೆ. ಅಪ್ಪ ಶುರು ಮಾಡಿದ್ರು. 'ಚರ್ಚನ್ನ ಬೆನ್ನಿಗೆ ಹಾಕ್ಕೋ. ಇಳಿಜಾರು ಇಳಿ, ಅದು ಲಡ್‌ಗೇಟ್ ಹಿಲ್. ಕೆಳಗೆ ಸರ್ಕಲ್ ಸಿಗುತ್ತೆ, ದಾಟು. ಅಲ್ಲಿಂದ ಮುಂದೆ ಫ್ಲೀಟ್ ಸ್ಟ್ರೀಟ್. ಬಲಗಡೆ ಗಲ್ಲಿಗಳ ಹೆಸರು ಓದ್ಕೊಂಡು ಹೋಗು.' ನಾನು ನಡೆದೆ. ಅವರು ಹೇಳಿದ ಹಾಗೇ ಸರ್ಕಲ್ ಬಂತು, ರಸ್ತೆ ಬಂತು, ಗಲ್ಲಿಗಳು ಬಂದವು. ತಿಪಟೂರು ಬಸ್‌ಸ್ಟ್ಯಾಂಡಿನಿಂದ ನಮ್ಮ ಸೋದರತ್ತೆ ಮನೆಗೆ ದಾರಿ ಹೇಳೋ ಧಾಟಿ. ಪಾಸ್‌ಪೋರ್ಟೇ ಇಲ್ಲದ ಮನುಷ್ಯ!

ಒಂದು ಕಡೆ ಗಲ್ಲಿ ಗೊತ್ತಾಗದೆ ನಿಂತೆ. ಅಷ್ಟೊತ್ತಿಗೆ ಫೋನ್ ಕಟ್ ಆಗಿತ್ತು. ಅಪ್ಪ ಹೇಳಿಕೊಟ್ಟ ಹಾಗೆ, 'ಗೌ ಸ್ಕ್ವೇರ್' ಎಲ್ಲಿ ಅಂತ ಒಬ್ಬ ಪೊಲೀಸಪ್ಪನನ್ನು ಕೇಳಿದೆ. ಅವನಿಗೆ ತಿಳಿಯಲಿಲ್ಲ. ಇನ್ನೊಮ್ಮೆ ಕೇಳಿದೆ. ತಿಳಿಯಲಿಲ್ಲ. ಕಾಗದದಲ್ಲಿ ಬರೆದು ತೋರಿಸಿದೆ. 'ಓ, ಗಾಫ್!' ಅಂದ, ಕೈ ಮಾಡಿ ತೋರಿಸಿದ. 17ನೇ ನಂಬರ್ ಮನೆ. 1748ರಿಂದ ಹನ್ನೊಂದು ವರ್ಷ ಜಾನ್ಸನ್ ಇದ್ದ ಜಾಗ. ಎದುರಿಗೆ ಹಾಜ್‌ನ ಕಂಚಿನ ಪ್ರತಿಮೆ, ಡಿಕ್ಷನರಿ ಮೇಲೆ ಕೂತಿದೆ, ಪಕ್ಕದಲ್ಲಿ ಸಿಂಪಿ ಚಿಪ್ಪು. ಬಂದವರು ಚಿಪ್ಪಿನಲ್ಲಿ ಚಿಲ್ಲರೆ ಹಾಕಿ ಹೋಗ್ತಾರೆ. ನಾನೂ ಒಂದು ನಾಣ್ಯ ಹಾಕಿದೆ, ಫೋಟೋ ತೆಗೆದು ಕಳಿಸಿದೆ. ಅಪ್ಪ ತಿರುಗಿ ಬರೆದಿದ್ದು ಒಂದೇ ಸಾಲು. 'ನಾನು ಅಂದ್ಕೊಂಡಿದ್ದಕ್ಕಿಂತ ಬೆಕ್ಕು ಸಣ್ಣದು.'

ಎರಡು ದಿನ ಬಿಟ್ಟು ಆಕ್ಸ್‌ಫರ್ಡ್‌ಗೂ ಹೋಗಿದ್ದೆ. ಲ್ಯಾಥ್‌ಬರಿ ರಸ್ತೆಯ ಆ ಮನೆಗೆ ಅಷ್ಟೊತ್ತಿಗಾಗಲೇ ನೀರದ್ ಬಾಬು ಹೆಸರಿನ ನೀಲಿ ಫಲಕ ಹಾಕಿದ್ದರು. ಆ ಕಡೆ ತಿರುಗಿಯೂ ನೋಡಲಿಲ್ಲ. ಏಳು ವರ್ಷ ಆದ ಮೇಲೆ ಅದೇ ಮನುಷ್ಯನಿಗೆ ಗುಲಾಮ ಅಂದೆ. ಆ ಮಾತು ನಮ್ಮಪ್ಪನಿಗೂ ತಾಗಿತಲ್ಲ ಅಂತ ಹೊಳೆದಿದ್ದು ಪುಸ್ತಕದ ನಾಲ್ಕನೇ ಅಧ್ಯಾಯಕ್ಕೆ ಬಂದಾಗ. ಅವರು ಆ ರಾತ್ರಿ ಫೋನಿನಲ್ಲಿ ಅದನ್ನು ಹೇಳಲಿಲ್ಲ. ಪುಸ್ತಕ ಕಳಿಸಿದರು.

ಆದ್ದರಿಂದ ವೀಕ್ಷಕರೇ, 2022ರ ಸೆಪ್ಟೆಂಬರ್ 11ರಂದು ಈ ಕಾರ್ಯಕ್ರಮದಲ್ಲಿ ನೀರದ್ ಚಂದ್ರ ಚೌಧುರಿ ಅವರ ಬಗ್ಗೆ ನಾನು ಆಡಿದ ಮಾತನ್ನು ವಾಪಸ್ ತಗೋತಿದ್ದೀನಿ. ಅವರ ಜೊತೆ ಜಗಳ ಇದೆ, ಅದು ಇರುತ್ತೆ. ಆದ್ರೆ ಜಗಳ ಓದಿದ ಮೇಲಿನದು.

ಇನ್ನೊಂದು ಉಳಿದಿದೆ. ಆ ಪೊಲೀಸಪ್ಪನ ವಿಷಯ ಅಪ್ಪನಿಗೆ ನಾನು ಈವರೆಗೆ ಹೇಳಿರಲಿಲ್ಲ. 31 ವರ್ಷ ತುರುವೇಕೆರೆ ಹುಡುಗರಿಗೆಲ್ಲ 'ಗೌ ಸ್ಕ್ವೇರ್' ಅಂತ ಹೇಳಿಕೊಟ್ಟವರು ಅವರು. ಎಂಟು ವರ್ಷ ಬಚ್ಚಿಟ್ಟಿದ್ದೆ, ಇವತ್ತು ಬಾಯಿಬಿಟ್ಟೆ. ಈಗ ಒಂಬತ್ತು ಐವತ್ತು. ಟಿವಿ ಮುಂದೆ ಕೂತಿರ್ತಾರೆ. ಹತ್ತೂವರೆಗೆ ಫೋನ್ ಬರುತ್ತೆ.